ಒಂದನೇ ಆರೋಪಿ ಬೆಳವಕ್ಕಿ

“ಹಾಮಲೀಲ ಊರಿನ ಸಮಸ್ತ ನಿವಾಸಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಕೆಳಗೆ ಸಹಿ ಮಾಡಿದವರ ಹಿತ್ತಲಿನ ಜಾಲಿಮರದ ಮೂರನೇ ಕೊಂಬೆಯಲ್ಲಿ ಕಾಯಂ ವಾಸವಾಗಿರುವ, ಬೂದುಬಣ್ಣದ, ಕತ್ತಿನ ಹಿಂಬದಿಯಲ್ಲಿ ಅರ್ಧ ಕಪ್ಪುಪಟ್ಟಿಯುಳ್ಳ, ತಂದೆಯ ಹೆಸರು ತಿಳಿದುಬಾರದ ಬೆಳವಕ್ಕಿ ಒಂದರ ಮೇಲೆ ಮಾನಹಾನಿ ಮೊಕದ್ದಮೆ ಹೂಡಲಾಗಿದ್ದು, ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಸದರಿ ಮರದ ಬುಡದಲ್ಲೇ ವಿಚಾರಣೆ ನಡೆಯತಕ್ಕದ್ದು. ಸದರಿ ಹಕ್ಕಿಗೆ ಕುಮ್ಮಕ್ಕು ಕೊಟ್ಟ ಪಕ್ಕದ ಮನೆಯ ಬಿನಾ ಚಿಪೇಗೊ ಎರಡನೇ ಆರೋಪಿ. ಸಾಕ್ಷಿ ಹೇಳುವವರು ಸ್ನಾನ ಮಾಡಿ ಬರುವುದು. ಅಲ್ಲಿಯವರೆಗೆ ಯಾರೂ ಮರಕ್ಕೆ ಕಲ್ಲು ಹೊಡೆದು ಒಂದನೇ ಆರೋಪಿಯನ್ನು ಪರಾರಿ ಮಾಡಿಸಕೂಡದು. ಇಂತಿ, ಓಬೆದ್ ಹಾಬೇಂಜು, ನಿವೃತ್ತ ಕೋರ್ಟ್ ಗುಮಾಸ್ತ, ಮೊದಲನೇ ದರ್ಜೆ.”

ಕೈಪಂಪಿನ ಪಕ್ಕದ ಮರಕ್ಕೆ ನಾಲ್ಕು ಮೊಳೆ ಹೊಡೆದು ಹಾಬೇಂಜು ಈ ಕಾಗದ ತಗುಲಿಸಿದ್ದು ಬೆಳಿಗ್ಗೆ ಆರಕ್ಕೆ. ಏಳರ ಹೊತ್ತಿಗೆ ನೀರಿಗೆ ಬಂದವರೆಲ್ಲ ಓದಿ ಆಗಿತ್ತು. ಓದು ಬಾರದವರು ಓದಿಸಿಕೊಂಡು ಕೇಳಿದ್ದರು, ಅದೂ ಎರಡೆರಡು ಸಲ. ಆ ದಿನ ಊರಲ್ಲಿ ಒಂಬತ್ತಾದರೂ ಯಾರ ಒಲೆಯ ಮೇಲೂ ಎಸರು ಏರಲಿಲ್ಲ. ನಗುತ್ತ ನಗುತ್ತ ಪಂಪು ಒತ್ತುವುದಕ್ಕೆ ಆಗುವುದಿಲ್ಲ.

ಹಾಬೇಂಜು ಮಾತ್ರ ನಗಲಿಲ್ಲ. ಅವರಿಗೆ ಇದ್ದದ್ದು ಒಂದೇ ವಾರ.

ಹಾಮಲೀಲದ ಸಿಬ್ಬುಕು ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡಿದ್ದರು. ಸಿಬ್ಬುಕು ಅಂದರೆ ಊರಿನ ಯಜಮಾನ. ಯಾರು ಹುಟ್ಟಿದರು, ಯಾರು ಸೇರಿದರು, ಯಾರು ಬಿಟ್ಟುಹೋದರು ಎಂದು ಬರೆದಿಡುವ ಊರಪುಸ್ತಕ ಅವನ ಕೈಲಿರುತ್ತದೆ. ನಮ್ಮಲ್ಲಿ ಇಂಥ ಸ್ಥಾನ ಹೋಗುವುದು ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ. ಸತ್ತ ಯಜಮಾನರಿಗೆ ಇಬ್ಬರು ಸೋದರಳಿಯಂದಿರು. ಒಬ್ಬರು ನಮ್ಮ ಹಾಬೇಂಜು. ಇನ್ನೊಬ್ಬ ಲ್ವೇಂಡೊ, ಚಿಕ್ಕಮ್ಮನ ಮಗ. ಎತ್ತುಗಳ ಜೊತೆ ಮಾತಾಡುವುದು ಬಿಟ್ಟರೆ ಬೇರೆ ಭಾಷೆ ಅವನಿಗೆ ಅಷ್ಟಾಗಿ ಒಗ್ಗದು. ಮೂವತ್ತೊಂದು ವರ್ಷ ಪಟ್ಟಣದ ಕೋರ್ಟಿನಲ್ಲಿ ಪರರ ಜಗಳವನ್ನು ದುಂಡಗಿನ ಅಕ್ಷರದಲ್ಲಿ ಬರೆದ ಕೈಗೆ ಊರಪುಸ್ತಕ ಬಾರದೆ ಇನ್ನಾರಿಗೆ ಬಂದೀತು ಎಂದು ಹಾಬೇಂಜು ನಂಬಿದ್ದರು. ಊರೂ ಹೆಚ್ಚುಕಡಿಮೆ ಹಾಗೇ ನಂಬಿತ್ತು. ಭಾನುವಾರ ಮಧ್ಯಾಹ್ನ ಹಿರಿಯರು ಹೆಸರು ಹೇಳುವವರಿದ್ದರು.

ನಡುವೆ ಬಂದದ್ದು ಆ ಬೆಳವಕ್ಕಿ.

ನಿವೃತ್ತಿಯಾದ ಮೇಲೆ ಹಾಬೇಂಜು ಅವರದು ಒಂದೇ ದಿನಚರಿ. ಹನ್ನೆರಡಕ್ಕೆ ಸೊಪ್ಪು, ಮೊಸರಿನ ಜೊತೆ ನ್ಸೀಮ ಮುದ್ದೆ. ಹನ್ನೆರಡೂವರೆಗೆ ಜಾಲಿಮರದ ಕೆಳಗೆ ಆರಾಮಕುರ್ಚಿ. ಟೈ ಸಡಿಲಿಸುವುದು, ಆದರೆ ತೆಗೆಯುವುದಲ್ಲ. ನಿದ್ದೆಗೂ ಒಂದು ದರ್ಜೆ ಇದೆಯಲ್ಲ. ಅವರು ಕಣ್ಣು ಮುಚ್ಚುವುದಕ್ಕೂ ಬೆಳವಕ್ಕಿ ಮೂರನೇ ಕೊಂಬೆಗೆ ಬಂದು ಕೂರುವುದಕ್ಕೂ ಸರಿಹೋಗುತ್ತಿತ್ತು. ಅದೂ ಕಾಲರು ಹಾಕಿಕೊಂಡ ಪ್ರಾಣಿಯೇ. ಏನೋ ಅವಸರದಲ್ಲಿ ಹಿಂದುಮುಂದಾಗಿ ಹಾಕಿಕೊಂಡಿದೆ, ಅಷ್ಟೆ. ಕೂತು, ಎದೆ ಉಬ್ಬಿಸಿ, ಮೂರು ಪೆಟ್ಟಿನ ಹಾಡು ಶುರುಮಾಡುತ್ತಿತ್ತು: ಕು, ಕ್ಕೂರ್ರ್, ರು. ಕು, ಕ್ಕೂರ್ರ್, ರು. ನಿಲ್ಲಿಸುವುದೇ ಇಲ್ಲ.

ಇಷ್ಟಾದರೆ ಹೇಗೋ ಸಹಿಸಬಹುದಿತ್ತು. ಬೇಲಿಯ ಆಚೆ ಬಿನಾ ಚಿಪೇಗೊ, ಅಂದರೆ ಚಿಪೇಗೊನ ತಾಯಿ, ಚಿಬ್ವಾಂಟು ಕಾಯಿಸಿ ಮಾರುತ್ತಿದ್ದಳು. ಜೋಳದ ಆ ಸಿಹಿಹುಳಿ ಪಾನಕ ಕುಡಿಯಲು ಮಧ್ಯಾಹ್ನ ಅವಳ ಅಂಗಳದಲ್ಲಿ ಹತ್ತು ಜನ ಇದ್ದೇ ಇರುತ್ತಿದ್ದರು. ಒಂದು ದಿನ ಹಕ್ಕಿ ಕೂಗಿದ ಕೂಡಲೇ ಅವಳು ಸೌಟು ಎತ್ತಿ, “ಕೇಳಿಸ್ತೇನ್ರೋ, ಅದು ಏನಂತಿದೆ ಅಂತ?” ಅಂದಳು. ಯಾರಿಗೂ ಕೇಳಿಸಿರಲಿಲ್ಲ. “ಸರಿಯಾಗಿ ಕೇಳ್ರಿ. ಉಂಡ. ಮಲಗಿದ. ಗೊರೆದ!”

ಅಂದಿನಿಂದ ಆ ಹಕ್ಕಿಯ ಬಾಯಲ್ಲಿ ಬೇರೆ ಮಾತು ಯಾರಿಗೂ ಕೇಳಿಸಲಿಲ್ಲ. ಎತ್ತು ಹೊಡೆಯುವವರು ಆ ತಾಳಕ್ಕೆ ಚಾಟಿ ಬೀಸಿದರು. ಜೋಳ ಕುಟ್ಟುವವರು ಒನಕೆ ಹಾಕಿದರು. ಹೋದ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು “ನಾವೆಲ್ಲ ಒಂದು ಕ್ಷಣ ನಮ್ಮ ನಮ್ಮ ಬಾಳನ್ನು ನೆನೆಯೋಣ” ಎಂದು ಮೌನವಾದಾಗ ಹೊರಗೆ ಯಾವುದೋ ಬೆಳವಕ್ಕಿ ಕು, ಕ್ಕೂರ್ರ್, ರು ಎಂದಿತು. ಇಡೀ ಸಭೆ ಹಾಬೇಂಜು ಕಡೆ ತಿರುಗಿ ಕೆಮ್ಮಿತು. ಹಿರಿಯರು ಕೂತಿದ್ದ ಮುಂದಿನ ಬೆಂಚಿನ ಕೆಮ್ಮೇ ಎಲ್ಲಕ್ಕಿಂತ ಜೋರಾಗಿತ್ತು. ಹಾಬೇಂಜು ಅವರಿಗೆ ಆಗ ಹೊಳೆಯಿತು: ಯಾರನ್ನು ಕಂಡು ಮುಂದಿನ ಬೆಂಚು ಕೆಮ್ಮುತ್ತದೋ ಆ ಗಂಡಸಿನ ಕೈಗೆ ಯಾವ ಊರೂ ಪುಸ್ತಕ ಕೊಡುವುದಿಲ್ಲ.

ಹೆಂಡತಿ ಮುತಿಂಟ ಹೇಳಿ ನೋಡಿದಳು. “ಅದು ಹಕ್ಕಿ ಕಣ್ರೀ. ಹಕ್ಕಿ ಕೂಗತ್ತೆ.”

“ಕೂಗೋದು ತಪ್ಪಲ್ಲ. ಉದ್ದೇಶಪೂರ್ವಕವಾಗಿ ಕೂಗೋದು ತಪ್ಪು.”

“ಹಾಗಾದ್ರೆ ಕುರ್ಚಿನ ಆ ಕಡೆ ಹಾಕ್ಕೊಳ್ಳಿ.”

“ಫಿರ್ಯಾದಿ ಜಾಗ ಬಿಟ್ರೆ ಆರೋಪಿಗೆ ಬಲ ಬರತ್ತೆ, ನಿಂಗೊತ್ತಾಗಲ್ಲ.”

“ನನಗೆ ಗೊತ್ತಾಗೋದು ಇಷ್ಟೆ. ನೀವು ಗೊರೀತೀರಿ.”

ಅವರು ಫಿರ್ಯಾದು ಬರೆಯಲು ಕೂತರು. ಲೆಕ್ಕಾಚಾರ ಪಕ್ಕಾ ಇತ್ತು. ಶನಿವಾರ ದೊರೆಯ ಕಡೆಯಿಂದ ನ್ಯಾಯ ಹೇಳುವ ಇಂಡುನ ಬರುತ್ತಾರೆ. ಬಿನಾ ಚಿಪೇಗೊ ಊರ ಮುಂದೆ ಕೈಮುಗಿದು ತಪ್ಪಾಯ್ತು ಅನ್ನುತ್ತಾಳೆ, ಒಂದು ಮೇಕೆ ಕೊಡುತ್ತಾಳೆ. ಆ ಮೇಕೆಯನ್ನೇ ಭಾನುವಾರ ಹಿರಿಯರಿಗೆ ಅಡುಗೆ ಮಾಡಿ ಬಡಿಸಿದರೆ ಬಾಯಿಗೆ ಕೆಮ್ಮಲು ಪುರುಸೊತ್ತಿರುವುದಿಲ್ಲ.

ಆದರೆ ಗುಮಾಸ್ತರ ತಲೆ ತಾನೆ, ಎದುರಾಳಿ ಯಾವ ಕಂಡಿಯಲ್ಲಿ ನುಸುಳಬಹುದು ಎಂದು ಮೊದಲೇ ಹುಡುಕಿತು. ಅವಳು ಏನನ್ನಬಹುದು? ‘ನಾನಲ್ಲ ಅಂದದ್ದು, ಹಕ್ಕಿ ಅಂದದ್ದು’ ಅನ್ನಬಹುದು. ಆ ಕಂಡಿಯನ್ನೂ ಮುಚ್ಚಬೇಕು. ಹಾಬೇಂಜು ಪೆನ್ನನ್ನು ಎರಡು ಸಲ ಕೊಡವಿ, ಒಂದನೇ ಆರೋಪಿ ಬೆಳವಕ್ಕಿ, ಎರಡನೇ ಆರೋಪಿ ಕುಮ್ಮಕ್ಕು ಕೊಟ್ಟ ಬಿನಾ ಚಿಪೇಗೊ ಎಂದು ಬರೆದು, ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು.

ಶಾಯಿ ಇನ್ನೂ ಒಣಗಿರಲಿಲ್ಲ. ಮಿಯಾಂಡ ಬಂದವನೇ ಅವರ ತಲೆಯ ಮೇಲಿನ ಹ್ಯಾಟು ತೆಗೆದು ತನ್ನ ತಲೆಗಿಟ್ಟುಕೊಂಡ, ಅವರ ತಟ್ಟೆಯ ಹುರಿದ ಕಡಲೆಕಾಯಿ ಬೊಗಸೆಯಲ್ಲಿ ಬಾಚಿಕೊಂಡ, ಆರಾಮಕುರ್ಚಿಯಲ್ಲಿ ಆರಾಮವಾಗಿ ಕೂತ. ಹಾಬೇಂಜು ಹಲ್ಲು ಕಚ್ಚಿ ನಕ್ಕರು. ನಗಲೇಬೇಕು. ಅವರದು ಆನೆ ಬೆಡಗು, ಅಂದರೆ ಆನೆ ಕುಲ; ಮಿಯಾಂಡನದು ಹಕ್ಕಿ ಬೆಡಗು; ಮುತ್ತಾತಂದಿರ ಕಾಲದಿಂದ ಎರಡಕ್ಕೂ ಗೇಲಿನಂಟು. ಗೇಲಿನಂಟಿನವರು ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು. ಸಿಬ್ಬುಕು ಸತ್ತ ದಿನ ಹೆಣದ ಮುಂದೆಯೇ ಮಿಯಾಂಡ ಸತ್ತವರ ಕೋಟು ತೊಟ್ಟು, ಅವರಂತೆಯೇ ಕುಂಟುತ್ತ ನಡೆದು, “ಎಲ್ಲಿ ನನ್ನ ಮೊಸರು?” ಎಂದು ಗದರಿದ್ದ; ಅಳುತ್ತಿದ್ದ ಅವರ ವಿಧವೆ ಅಳುವಿನ ನಡುವೆಯೇ ನಕ್ಕುಬಿಟ್ಟಿದ್ದಳು. ಅದಕ್ಕೆ ಸಿಟ್ಟಾಗುವ ಹಾಗಿಲ್ಲ. ಗೇಲಿನಂಟಿನವನ ಮೇಲೆ ದೂರು ಕೊಟ್ಟರೆ ದಂಡ ಬೀಳುವುದು ದೂರು ಕೊಟ್ಟವನಿಗೇ.

“ಏನೋ ಆನೆ, ಇರುವೆ ಕಚ್ತೂಂತ ಕೋರ್ಟಿಗೆ ಹೊರಟಿದೀಯಂತೆ?” ಅಂದ ಮಿಯಾಂಡ.

“ಇರುವೆ ಅಲ್ಲ, ಬೆಳವಕ್ಕಿ. ಜೊತೆಗೆ ಆ ಸೌಟಿನವಳು.”

“ಅವಳು ಯಾವ ಬೆಡಗು, ನೋಡಿದೀಯ ತಾನೆ? ಆಮೇಲೆ ಗೇಲಿನಂಟು ಗೀಲಿನಂಟು ಅಂತ ಆದೀತು.”

“ಮೂವತ್ತೊಂದು ವರ್ಷ ನಾನೇನು ಕೋರ್ಟಲ್ಲಿ ಕಡಲೆಕಾಯಿ ಸುಲೀತಿದ್ನಾ? ಅವಳ ತವರಿನ ತನಕ ಸೈಕಲ್ ತುಳಿದು ವಿಚಾರಿಸ್ಕೊಂಡು ಬಂದಿದೀನಿ. ಕತ್ತೆಕಿರುಬದ ಬೆಡಗು. ಆನೆಗೂ ಕತ್ತೆಕಿರುಬಕ್ಕೂ ಯಾವ ನಂಟೂ ಇಲ್ಲ.”

ಮಿಯಾಂಡ ಕಾಗದ ಎತ್ತಿಕೊಂಡ. ಮೊದಲನೇ ಸಾಲಿನಲ್ಲಿ ಅವನ ಕಣ್ಣು ನಿಂತಿತು. ಬಾಯಿ ತೆರೆದ. ಏನೋ ಅನ್ನಲು ಹೊರಟವನು ಆ ಬಾಯಿಗೆ ಕಡಲೆಕಾಯಿ ಹಾಕಿಕೊಂಡು ನಿಧಾನವಾಗಿ ಅಗಿದ.

“ಹೇಗಿದೆ?”

“ಬಲು ಚೆಂದ ಬರ್ದಿದೀಯ. ಒಂದಕ್ಷರಾನೂ ಬದಲಾಯಿಸ್ಬೇಡ.” ಹ್ಯಾಟನ್ನು ಅವನು ವಾಪಸ್ಸು ಕೊಡಲಿಲ್ಲ.

ಶನಿವಾರ ಇಂಡುನ ಮುನ್ಸಾಕ ಸೈಕಲ್ಲಿನಲ್ಲಿ ಬಂದರು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಬಿಚ್ಚಿದ ಕೊಡೆ. ಜಾಲಿಮರದ ಕೆಳಗೆ ಊರಿಗೂರೇ ನೆರೆದಿತ್ತು. ಸಾಕ್ಷಿ ಹೇಳಲು ಸ್ನಾನ ಮಾಡಿ ಬಂದವರೇ ಅರವತ್ತು ಜನ. ಬಿನಾ ಚಿಪೇಗೊ ಒಂದು ದೊಡ್ಡ ಮಡಕೆ ಚಿಬ್ವಾಂಟು ಹೊತ್ತು ತಂದಿದ್ದಳು. ನ್ಯಾಯ ನೋಡುವವರಿಗೆ ಬಾಯಾರುತ್ತದೆ ಎಂಬ ಅಂದಾಜು ಅವಳಿಗಿತ್ತು. ಚಪ್ಪಾಳೆ ತಟ್ಟಿ ನಮಸ್ಕಾರವಾಯಿತು. ಹಾಬೇಂಜು ಕೋಟು ಹಾಕಿ, ಟೈ ಬಿಗಿದು, ಎದ್ದು ನಿಂತರು.

“ಧಣಿ, ಒಂದನೇ ಆರೋಪಿ ಹಾಜರಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕೆಂದು ಬಿನ್ನಹ.”

ಎಲ್ಲರೂ ತಲೆಯೆತ್ತಿದರು. ಮೂರನೇ ಕೊಂಬೆ ಖಾಲಿ. ಹಾಬೇಂಜು ಕೊಂಬೆ ಕೊಂಬೆಯನ್ನೂ ಹುಡುಕಿದರು. ಅಷ್ಟರಲ್ಲಿ ರೆಕ್ಕೆ ಬಡಿದುಕೊಂಡು ಬೆಳವಕ್ಕಿ ಬಂದಿತು. ಕೂರುವಾಗ ಗಂಟಲಲ್ಲಿ ‘ಕ್ರ್ರಾ’ ಎಂದು ಒರಟಾಗಿ ನಕ್ಕಿತು.

“ಬರ್ಕೊಳ್ಳಿ ಧಣಿ! ನ್ಯಾಯಸ್ಥಾನದ ಮುಂದೆ ನಗು!”

“ತಡವಾಗಿ ಬಂದಿದ್ದನ್ನೂ ಬರ್ಕೊಳ್ಳಲಾ?” ಅಂದರು ಇಂಡುನ.

ಹಾಬೇಂಜು ಮುಕ್ಕಾಲು ಗಂಟೆ ವಾದ ಮಾಡಿದರು. ಎಷ್ಟು ದಿನ, ದಿನಕ್ಕೆ ಎಷ್ಟು ಸಲ, ಆಗ ಅಂಗಳದಲ್ಲಿ ಎಷ್ಟು ಜನ, ಅದರಲ್ಲಿ ನಕ್ಕವರೆಷ್ಟು, ನಗು ತಡೆದುಕೊಂಡವರೆಷ್ಟು, ಎಲ್ಲಕ್ಕೂ ಅವರ ಬಳಿ ಪಟ್ಟಿ ಇತ್ತು. ಮುತಿಂಟ ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾಚಿಕೆಯೋ ನಗೆಯೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

“ಬಿನಾ ಚಿಪೇಗೊ, ಏನಮ್ಮಾ ಹೇಳ್ತೀಯ?” ಇಂಡುನ ಕೇಳಿದರು.

“ನಾನೇನ್ ಹೇಳ್ಲಿ ಧಣಿ. ನನ್ ಬಾಯಿಂದ ಗುಮಾಸ್ತಣ್ಣಂಗೆ ಒಂದು ಕೆಟ್ಟ ಮಾತು ಬಂದಿಲ್ಲ. ಹಕ್ಕಿ ಅಂದಿದ್ದನ್ನ ಕಿವಿ ಕೇಳದೋರಿಗೆ ತಿಳಿಸಿ ಹೇಳ್ದೆ. ಅದೂ ಪುಕ್ಕಟೆ.”

ಹಾಬೇಂಜು ಅವರ ಮುಖ ಅರಳಿತು. “ಕೇಳಿದ್ರಾ! ಇದೇ ಕಂಡಿ ಅಂತ ನನಗೆ ಗೊತ್ತಿತ್ತು. ಅದಕ್ಕೇ ಹಕ್ಕಿನ ಒಂದನೇ ಆರೋಪಿ ಮಾಡಿರೋದು. ಅಂದವರೂ ಸಿಕ್ಕರು, ತಿಳಿಸಿ ಹೇಳಿದವಳೂ ಸಿಕ್ಕಳು.”

ಮೇಲಿನಿಂದ ಬಂತು: ಕು, ಕ್ಕೂರ್ರ್, ರು.

ಇಂಡುನರಿಗೂ ತಡೆಯಲಾಗಲಿಲ್ಲ. “ಏನಂತು?”

“ಬೇಡ ಧಣಿ. ಹೇಳಿದ್ರೆ ಇನ್ನೊಂದು ಕೇಸು ಹಾಕ್ತಾರೆ.”

“ಹಾಕಲ್ಲ, ಹೇಳು.”

“ಕೋಟು. ಟೈಯಿ. ಹರಕು.”

ಅರವತ್ತು ಸಾಕ್ಷಿಗಳು ಒಟ್ಟಿಗೆ ನೆಲ ನೋಡಿದರು. ಹಾಬೇಂಜು ಅವರ ಕೈ ತಾನಾಗಿ ಕೋಟಿನ ಕಂಕುಳಿನ ಕಡೆ ಹೋಯಿತು. ಹೊಲಿಗೆ ಬಿಟ್ಟದ್ದು ನಿಜವಾಗಿತ್ತು.

ಇಂಡುನ ಗಂಟಲು ಸರಿಮಾಡಿಕೊಂಡರು. “ನೋಡಮ್ಮಾ, ವಯಸ್ಸಾದ ಗಂಡಸಿನ ನಿದ್ದೆ ತಮಾಷೆ ವಸ್ತು ಅಲ್ಲ. ಕತ್ತೆಕಿರುಬಕ್ಕೂ ಆನೆಗೂ ಗೇಲಿನಂಟು ಇಲ್ಲ. ಇಲ್ಲಿ ಬೈಗುಳ ಅಂದ್ರೆ ಬೈಗುಳವೇ. ಒಂದು ಮೇಕೆ...” ಹಾಬೇಂಜು ಕಣ್ಣ ಮುಂದೆ ಮೇಕೆ ಬಂದು ನಿಂತಿತು, ಅದರ ಹಿಂದೆ ಊರಪುಸ್ತಕ. “ಆದರೆ ತೀರ್ಪಿಗೆ ಮೊದಲು ಕ್ರಮದ ಪ್ರಕಾರ ಎಲ್ಲರ ಬೆಡಗೂ ಕೇಳ್ಬೇಕು. ಫಿರ್ಯಾದಿ ಆನೆ. ಎರಡನೇ ಆರೋಪಿ ಕತ್ತೆಕಿರುಬ. ಒಂದನೇ ಆರೋಪಿದು ಯಾವ ಬೆಡಗು?”

ಗುಂಪಿನ ಹಿಂದೆ ಒಬ್ಬ ಎದ್ದು ನಿಂತ. ತಲೆಯ ಮೇಲೆ ಹಾಬೇಂಜು ಅವರ ಹ್ಯಾಟು ಇತ್ತು.

“ಧಣಿ, ಅದು ನಮ್ಮವನು,” ಅಂದ ಮಿಯಾಂಡ. “ಹಕ್ಕಿ ಬೆಡಗು.”

ಹಾಬೇಂಜು ಕೈ ಮೇಲೆತ್ತಿ ಮುಂದೆ ನುಗ್ಗಿದರು.

“ಆಕ್ಷೇಪಣೆ! ಬೆಡಗು ಬರೋದು ತಾಯಿಯಿಂದ. ಇದರ ತಾಯಿ ಯಾರು ಅಂತ ಯಾರಿಗೆ ಗೊತ್ತು?”

“ಯಾರಾದ್ರೇನು, ಅವಳೂ ಹಕ್ಕಿ ತಾನೆ?” ಅಂದ ಮಿಯಾಂಡ. “ತಂದೆ ಹೆಸರು ಗೊತ್ತಿಲ್ಲ ಅಂತ ನೀನೇ ನೋಟೀಸಲ್ಲಿ ಬರ್ದಿದೀಯ. ನಮ್ಮಲ್ಲಿ ಬೆಡಗಿಗೆ ಅದನ್ನ ಕೇಳಿದೋರು ಯಾರು?”

ತಡೆದಿಟ್ಟ ನಗು ಆಗ ಕಟ್ಟೆ ಒಡೆಯಿತು. ಚಿಬ್ವಾಂಟು ಕುಡಿಯುತ್ತಿದ್ದ ಒಬ್ಬನಿಗೆ ಅದು ಮೂಗಿನಿಂದ ಬಂತು. ಹಿರಿಯರು ಈ ಸಲ ಕೆಮ್ಮುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

“ಹಾಗಾದರೆ ಒಂದನೇ ಆರೋಪಿನ ಹೊಡೆದುಹಾಕ್ತೀನಿ ಧಣಿ!” ಹಾಬೇಂಜು ಕೂಗಿದರು. ಊರೇ ಬೆಚ್ಚಿ ಮರ ನೋಡಿತು. “ಹಕ್ಕಿನ ಅಲ್ರಪ್ಪಾ, ಕಾಗದದಿಂದ! ಆ ಸಾಲು! ಬಿನಾ ಚಿಪೇಗೊ ಒಬ್ಬಳೇ ಸಾಕು ನನಗೆ.”

ಇಂಡುನ ಕನ್ನಡಕ ತೆಗೆದು ಒರೆಸಿದರು. “ಹಾಬೇಂಜು, ನೀನು ಮೂವತ್ತೊಂದು ವರ್ಷ ಇದ್ದ ಕೋರ್ಟಲ್ಲಿ, ವಿಚಾರಣೆ ದಿನ ಫಿರ್ಯಾದು ತಿದ್ದೋಕೆ ಯಾರಿಗಾದ್ರೂ ಬಿಟ್ಟಿದ್ರಾ?”

ಸುಳ್ಳು ಹೇಳಬಹುದಿತ್ತು. ಆದರೆ ಅಲ್ಲಿ ನಿಂತಿದ್ದು ಮೊದಲನೇ ದರ್ಜೆಯ ಗುಮಾಸ್ತ. “ಇಲ್ಲ ಧಣಿ,” ಅಂದರು. “ತಿದ್ದೋಕೆ ಬಂದವರನ್ನ ನಾನೇ ಬಾಗಿಲಿಂದ ಆಚೆ ಕಳಿಸ್ತಿದ್ದೆ.”

“ಸರಿ. ಬೆಳವಕ್ಕಿ ಹಕ್ಕಿ ಬೆಡಗು, ನೀನು ಆನೆ ಬೆಡಗು. ಅದು ನಿನ್ನ ಏನು ಬೇಕಾದ್ರೂ ಅನ್ನಬಹುದು. ಅಂದವನದೇ ತಪ್ಪಿಲ್ಲ ಅಂದ್ಮೇಲೆ ಕುಮ್ಮಕ್ಕು ಕೊಟ್ಟವಳು ಯಾತಕ್ಕೆ ಕುಮ್ಮಕ್ಕು ಕೊಟ್ಟ ಹಾಗಾಯ್ತು? ಕೇಸು ಬಿತ್ತು. ಇನ್ನು ಗೇಲಿನಂಟಿನವನ ಮೇಲೆ ದೂರು ಕೊಟ್ಟಿದ್ದಕ್ಕೆ ದಂಡ. ಪದ್ಧತಿ ಪ್ರಕಾರ ನೆಂಟನಿಗೆ ಒಂದು ಕೋಳಿ.”

“ಕೋಳಿನ ಅವನು ತಿನ್ನಲ್ಲ ಧಣಿ, ಒಂದೇ ಬೆಡಗು,” ಅಂದ ಮಿಯಾಂಡ ಗಂಭೀರವಾಗಿ.

“ಹಾಗಾದ್ರೆ ದಿನಾ ಬೆಳಿಗ್ಗೆ ಒಂದು ಮೊರ ಬಿಳಿಜೋಳ, ಮರದ ಬುಡದಲ್ಲಿ. ನೆಂಟ ‘ಸಾಕು’ ಅನ್ನೋ ತನಕ.”

“ಅದು ಸಾಕು ಅಂತ ಹೇಗೆ ಗೊತ್ತಾಗ್ಬೇಕು?” ಹಾಬೇಂಜು ಅವರ ದನಿ ಕೀರಲಾಯಿತು.

ಇಂಡುನ ಸುತ್ತ ನೋಡಿದರು. “ಇಲ್ಲಿ ಹಕ್ಕಿ ಮಾತು ಬರೋದು ಒಬ್ಬಳಿಗೇ. ಅದಕ್ಕೆ ನೀನೇ ಪಟ್ಟಿ ಸಮೇತ ಸಾಕ್ಷಿ ಕೊಟ್ಟಿದೀಯ. ಬಿನಾ ಚಿಪೇಗೊ ಹೇಳ್ತಾಳೆ.”

ಅಲ್ಲಿಗೂ ಹಾಬೇಂಜು ಆಸೆ ಬಿಡಲಿಲ್ಲ. ದಂಡ ತೀರದವನ ಕೈಗೆ ಊರಪುಸ್ತಕ ಕೊಡುವಂತಿಲ್ಲ, ಅದು ಅವರಿಗೂ ಗೊತ್ತು. ಆದರೆ ಭಾನುವಾರ ಮಧ್ಯಾಹ್ನದೊಳಗೆ ಹಕ್ಕಿ ಸಾಕು ಅಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ. ಒಂದು ಬೆಳವಕ್ಕಿ ಎಷ್ಟು ತಿಂದೀತು? ಹಿಡಿ ಕಾಳು. ಹೊಟ್ಟೆ ಬಿರಿಯುವಷ್ಟು ಹಾಕಿದರಾಯಿತು.

ಭಾನುವಾರ ಬೆಳಿಗ್ಗೆ ಅವರು ಮೊರದಲ್ಲಲ್ಲ, ಬುಟ್ಟಿಯಲ್ಲಿ ಬಿಳಿಜೋಳ ಸುರಿದರು. ಬೆಳವಕ್ಕಿ ಇಳಿದು ಬಂತು. ಅದರ ಹಿಂದೆ ಅದರ ಹೆಂಡತಿ. ಹೆಂಡತಿಯ ಹಿಂದೆ ಅವಳ ತವರು. ಎಂಟರ ಹೊತ್ತಿಗೆ ಮರದ ಬುಡದಲ್ಲಿ ನೆಲ ಕಾಣಲಿಲ್ಲ; ನಲವತ್ತು ಅರ್ಧ ಕಾಲರುಗಳು ಬಾಗುತ್ತ ಏಳುತ್ತ ಇದ್ದವು. ಮುತಿಂಟ ಬಾಗಿಲಲ್ಲಿ ನಿಂತು, “ಉಗ್ರಾಣದಲ್ಲಿ ಇನ್ನೂ ಇದೆ, ತರ್ಲೇನ್ರೀ? ನೆಂಟರು ಬಂದಿದಾರೆ,” ಅಂದಳು.

ಮಧ್ಯಾಹ್ನ ಹಿರಿಯರು ಬಂದು ಚಾಪೆಯ ಮೇಲೆ ಕೂತರು, ನಡುವೆ ಊರಪುಸ್ತಕ ಇಟ್ಟುಕೊಂಡು. ಹೊಸ ಯಜಮಾನನ ಹೆಸರು ಕೇಳಲು ಮತ್ತೆ ಬಂದಿದ್ದ ಇಂಡುನ ಕೊಡೆ ಮಡಿಸಿ ಪಕ್ಕದಲ್ಲಿಟ್ಟರು. ಲ್ವೇಂಡೊ ದೂರದಲ್ಲಿ ತನ್ನ ಎತ್ತಿನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಬೇಲಿಯ ಹತ್ತಿರ ಬಿನಾ ಚಿಪೇಗೊ ನಿಂತಳು, ಕೈಯಲ್ಲಿ ಸೌಟು. ಹಾಬೇಂಜು ಅವಳ ಕಡೆ ನೋಡಿದ ನೋಟದಲ್ಲಿ ಮೂವತ್ತೊಂದು ವರ್ಷದ ಸೇವಾವಧಿ ಇತ್ತು.

“ತಂಗಿ,” ಅಂದರು, ಜೀವಮಾನದಲ್ಲಿ ಮೊದಲ ಸಲ. “ನಿನ್ನ ಚಿಬ್ವಾಂಟುವಿನಂಥ ಚಿಬ್ವಾಂಟು ಈ ಸೀಮೆಯಲ್ಲೇ ಇಲ್ಲ.”

“ಈಗ ಗೊತ್ತಾಯ್ತಾ ಗುಮಾಸ್ತಣ್ಣ,” ಅಂದಳು ಅವಳು.

ಬೆಳವಕ್ಕಿ ತುಂಬಿದ ಹೊಟ್ಟೆ ಹೊತ್ತು ಕಷ್ಟಪಟ್ಟು ಮೂರನೇ ಕೊಂಬೆಗೆ ಹಾರಿತು. ಎದೆ ಉಬ್ಬಿಸಿತು. ಕು, ಕ್ಕೂರ್ರ್, ರು.

ಎಲ್ಲರೂ ಬೇಲಿಯ ಕಡೆ ತಿರುಗಿದರು. ಬಿನಾ ಚಿಪೇಗೊ ಕಣ್ಣು ಮುಚ್ಚಿ, ತಲೆ ವಾಲಿಸಿ, ಬಹಳ ಹೊತ್ತು ಯೋಚಿಸಿದಳು. ಕರುಣೆ ಬಂದಂತೆಯೂ ಇತ್ತು. ಆಮೇಲೆ ನಿಟ್ಟುಸಿರು ಬಿಟ್ಟು, “ನಾನು ಸುಳ್ಳು ಹೇಳೋ ಹಾಗಿಲ್ಲ, ಧಣಿ,” ಅಂದಳು. “ಇನ್ನೂ. ಹಾಕು. ಇನ್ನೂ.”

ಪುಸ್ತಕ ಲ್ವೇಂಡೊನ ಕೈಗೆ ಹೋಯಿತು. ಅವನು ಅದನ್ನು ತಲೆಕೆಳಗಾಗಿ ಹಿಡಿದು, ಎಲ್ಲರಿಗೂ ತೋರಿಸಿ, ಎತ್ತಿಗೂ ತೋರಿಸಿದ.

ಇಂಡುನ ಸೈಕಲ್ ಏರುತ್ತಿದ್ದಾಗ ಹಾಬೇಂಜು ಓಡಿ ಬಂದು ಹ್ಯಾಂಡಲ್ಲು ಹಿಡಿದರು. “ಧಣಿ, ಅಪೀಲು! ದೊರೆಗಳ ಹತ್ತಿರ ಅಪೀಲು ಹೋಗ್ತೀನಿ!”

“ಧಾರಾಳವಾಗಿ ಹೋಗು,” ಅಂದರು ಇಂಡುನ, ಕೊಡೆ ಬಿಚ್ಚುತ್ತ. “ಕ್ರಮ ನಿನಗೇ ಗೊತ್ತಲ್ಲ. ಅಪೀಲು ಅರ್ಜಿಗೆ ಎರಡೂ ಕಡೆಯವರ ಹೆಬ್ಬೆಟ್ಟು ಬೇಕು.”

ಸೈಕಲ್ ಹೋಯಿತು. ಹಾಬೇಂಜು ಜಾಲಿಮರದ ಕೆಳಗೆ ಬಂದು, ತಲೆಯೆತ್ತಿ, ಮೂರನೇ ಕೊಂಬೆಯನ್ನು ಹಿಡಿದಿದ್ದ ಗುಲಾಬಿ ಬಣ್ಣದ ಪುಟ್ಟ ಕಾಲುಗಳನ್ನು ಬಹಳ ಹೊತ್ತು ಪರಿಶೀಲಿಸಿದರು. ಹೆಬ್ಬೆರಳು ಇತ್ತು. ಆದರೆ ಕಾಲರಿನ ಹಾಗೆ ಅದೂ ಹಿಂದಕ್ಕೆ ತಿರುಗಿತ್ತು.